ಉಮೇದುವಾರನಿಂದ ಇಂಟರ್ನ್‌ವರೆಗೆ: ದಫ್ತರ ಕೋಣೆಯಲ್ಲಿ ಕೆಲಸ ಕಲಿತವರ ಚರಿತ್ರೆ

ಚುನಾವಣೆ ಬಂತೆಂದರೆ ಪತ್ರಿಕೆಗಳಲ್ಲಿ ‘ಉಮೇದುವಾರ’ ಎಂಬ ಪದ ಓಡಾಡಲು ಶುರುವಾಗುತ್ತದೆ. ನಾಮಪತ್ರ ಹಾಕಿದವರು ಉಮೇದುವಾರರು. ಕೊನೆ ದಿನ ಹಿಂದೆ ಸರಿದರೆ ಉಮೇದುವಾರಿಕೆ ವಾಪಸ್. ಇಷ್ಟು ಎಲ್ಲರಿಗೂ ಗೊತ್ತು.

ಆದರೆ ಬ್ರಿಟಿಷರ ಕಾಲದ ಕಚೇರಿಗಳಲ್ಲಿ ಉಮೇದುವಾರ ಅಂದರೆ ಬೇರೆಯೇ ಮನುಷ್ಯ. ಸಂಬಳವಿಲ್ಲದೆ ಬಂದು ಕೂತು, ಗುಮಾಸ್ತರ ಪಕ್ಕದಲ್ಲಿ ಕಾಗದ ನಕಲು ಮಾಡುತ್ತಾ, ಲೆಕ್ಕ ಕೂಡುತ್ತಾ, ಕಟ್ಟು ಬಿಚ್ಚಿ ಕಟ್ಟುತ್ತಾ, ಯಾವತ್ತಾದರೂ ಒಂದು ಜಾಗ ಖಾಲಿಯಾದರೆ ತನಗೆ ಸಿಗಬಹುದು ಎಂದು ಕಾಯುವ ಹುಡುಗ. ಪಾರಸಿ ಭಾಷೆಯ ‘ಉಮೇದ್’ ಎಂದರೆ ಆಸೆ. ಆಸೆ ಇಟ್ಟುಕೊಂಡವನೇ ಉಮೇದುವಾರ. ಆ ಆಸೆಯ ಮೇಲೆಯೇ ಎಷ್ಟೋ ಕಚೇರಿಗಳ ಬರವಣಿಗೆ ಕೆಲಸ ನಡೆಯುತ್ತಿತ್ತು.

ಈಗ ಡಿಗ್ರಿ ಓದುವ ಹುಡುಗ ಹುಡುಗಿಯರು ಇಂಟರ್ನ್‌ಶಿಪ್ ಹೆಸರಿನಲ್ಲಿ ಕಚೇರಿಗಳಿಗೆ ಹೋಗುತ್ತಿದ್ದಾರೆ. ಕೆಲವರು ಬ್ಯಾಂಕಿಗೆ, ಕೆಲವರು ಪಂಚಾಯಿತಿಗೆ. ಇತಿಹಾಸ, ಗ್ರಂಥಾಲಯ ವಿಜ್ಞಾನ, ಪತ್ರಿಕೋದ್ಯಮ ಓದುವ ಕೆಲವರು ಪತ್ರಾಗಾರಕ್ಕೆ ಅಥವಾ ಯಾವುದಾದರೂ ಕಚೇರಿಯ ರೆಕಾರ್ಡ್ ರೂಮಿಗೆ. ‘ಅಲ್ಲೇನು ಕಲಿಯೋದು, ದೂಳು ಹೊಡೆಯೋದಾ?’ ಎಂದು ಮನೆಯವರು ಕೇಳುವುದೂ ಉಂಟು.

ಅದಕ್ಕೆ ಉತ್ತರ ಬೇಕೆಂದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ನೆಲದಲ್ಲಿ ಕಾಗದಪತ್ರ ಇಡುವ ವಿದ್ಯೆಯನ್ನು ಯಾರು ಯಾರಿಗೆ ಕಲಿಸಿದರು, ಯಾರಿಗೆ ಕಲಿಸಲಿಲ್ಲ ಎಂಬ ಕಥೆಯಲ್ಲಿ ನಿಮ್ಮ ಜಮೀನಿನ ಕಥೆಯೂ ಇದೆ.

ಶಾನುಭೋಗರ ಜಗಲಿಯೇ ಶಾಲೆ

ಹಳೆಯ ಶಿಲಾಶಾಸನಗಳಲ್ಲಿ ‘ಸೇನಬೋವ’ ಎಂಬ ಹೆಸರು ಬರುತ್ತದೆ. ಊರಿನ ಲೆಕ್ಕ ಬರೆಯುವವನು. ಅದೇ ಮುಂದೆ ಶಾನುಭೋಗ ಆಯಿತು. ಉತ್ತರ ಕರ್ನಾಟಕದ ಕಡೆ ಇದೇ ಕೆಲಸ ಕುಲಕರ್ಣಿಯದು. ಗೌಡ ಅಥವಾ ಪಟೇಲ ಊರಿನ ಯಜಮಾನಿಕೆ ನೋಡಿದರೆ, ಶಾನುಭೋಗರು ಯಾರ ಹೊಲ ಎಷ್ಟು, ಎಷ್ಟು ಕಂದಾಯ, ಎಷ್ಟು ಬಾಕಿ ಎಂಬುದನ್ನು ಬರೆದಿಡುತ್ತಿದ್ದರು.

ಅವರು ಬರೆಯುತ್ತಿದ್ದ ವಸ್ತುವಿನ ಹೆಸರು ಇವತ್ತಿಗೂ ನಮ್ಮ ಬಾಯಲ್ಲಿದೆ: ಕಡತ. ಈಗ ಕಡತ ಅಂದರೆ ಫೈಲು. ಆಗ ಕಡತ ಅಂದರೆ ಬಟ್ಟೆಯ ಪುಸ್ತಕ. ಉದ್ದನೆಯ ಹತ್ತಿ ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಕರಿ ಹಲಗೆಯಂತೆ ಮಾಡುತ್ತಿದ್ದರು. ಅದನ್ನು ಕತ್ತರಿಸದೆ ಹಿಂದೆ ಮುಂದೆ ಮಡಚಿ, ಎರಡು ತುದಿಗೂ ಮರದ ಹಲಗೆ ಕಟ್ಟುತ್ತಿದ್ದರು. ಬರೆಯುವುದು ಬಳಪದಲ್ಲಿ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸ ಪುಸ್ತಕದಲ್ಲಿ ಕಡತವನ್ನು ವಿವರಿಸಿದ್ದಾನೆ. 12ರಿಂದ 18 ಅಡಿ ಉದ್ದದ ಬಟ್ಟೆ ಎಂದು ಅವನ ಲೆಕ್ಕ. ಅಂಗಡಿಯವರು, ವ್ಯಾಪಾರಿಗಳೂ ಇದರಲ್ಲೇ ಲೆಕ್ಕ ಇಡುತ್ತಿದ್ದರು.

ಕಡತಕ್ಕೆ ಎರಡು ಗುಣ. ಕಾಗದಕ್ಕಿಂತ ಗಟ್ಟಿ, ಹಾಗಾಗಿ ಬಹಳ ಕಾಲ ಬಾಳುತ್ತದೆ. ಜೊತೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆಯಬಹುದು. ಈ ಎರಡನೆಯ ಗುಣ ಅನುಕೂಲವೂ ಹೌದು, ಅಪಾಯವೂ ಹೌದು. ಒರೆಸುವ ಕೈ ಯಾರದು ಎಂಬುದರ ಮೇಲೆ ಊರಿನ ನ್ಯಾಯ ನಿಂತಿರುತ್ತಿತ್ತು.

ಈ ಕೆಲಸ ಕಲಿಸುವ ಶಾಲೆ ಬೇರೆ ಇರಲಿಲ್ಲ. ಶಾನುಭೋಗರ ಮಗ ಅಪ್ಪನ ಪಕ್ಕ ಜಗಲಿಯಲ್ಲಿ ಕೂತು ಕಲಿಯುತ್ತಿದ್ದ. ಮೊದಲು ಮೋಡಿ ಅಕ್ಷರ, ಅಂದರೆ ಕೈ ಎತ್ತದೆ ಬರೆಯುವ ಓಟದ ಬರಹ. ಆಮೇಲೆ ಅಳತೆಗಳು: ಖಂಡುಗ, ಕೊಳಗ, ಬಳ್ಳ, ಸೇರು. ಹಣದ ಲೆಕ್ಕ: ವರಹ, ಹಣ, ಹಾಗ. ಹೊಲವನ್ನು ಎಕರೆಯಲ್ಲಿ ಅಲ್ಲ, ಎಷ್ಟು ಬೀಜ ಬಿತ್ತಬಹುದು ಎಂಬ ಬೀಜವರಿಯಲ್ಲಿ ಅಳೆಯುವ ರೀತಿ. ಜಮಾಬಂದಿ ಕಾಲದಲ್ಲಿ ಮೇಲಿನ ಅಧಿಕಾರಿಗೆ ಲೆಕ್ಕ ಒಪ್ಪಿಸುವ ಕ್ರಮ. ಹತ್ತಾರು ವರ್ಷ ನೋಡಿ ನೋಡಿ ಕಲಿತ ಹುಡುಗ, ಅಪ್ಪನ ನಂತರ ತಾನೇ ಶಾನುಭೋಗ.

ಈಗಿನ ಭಾಷೆಯಲ್ಲಿ ಹೇಳುವುದಾದರೆ ಅದೂ ಒಂದು ಇಂಟರ್ನ್‌ಶಿಪ್ಪೇ. ಆದರೆ ಅದಕ್ಕೆ ಅರ್ಜಿ ಹಾಕುವಂತಿರಲಿಲ್ಲ. ಶಾನುಭೋಗಿಕೆ ವಂಶಪಾರಂಪರ್ಯ. ಹೆಚ್ಚಿನ ಕಡೆ ಬ್ರಾಹ್ಮಣ ಮನೆತನಗಳ ಕೈಯಲ್ಲಿತ್ತು. ಅದೂ ಗಂಡುಮಕ್ಕಳಿಗೆ ಮಾತ್ರ. ಬರಹ ಬಾರದ ರೈತನಿಗೆ ತನ್ನ ಹೊಲದ ಬಗ್ಗೆ ಏನು ಬರೆದಿದೆ ಎಂದು ತಿಳಿಯಲು ಅದೇ ಜಗಲಿಗೆ ಬಂದು ಕೈಕಟ್ಟಿ ನಿಲ್ಲಬೇಕಿತ್ತು.

ಬರೆಯದೆ ನೆನಪಿಟ್ಟವರು

ಊರಿನ ದಾಖಲೆ ಎಲ್ಲವೂ ಬರಹದಲ್ಲೇ ಇತ್ತು ಎಂದುಕೊಳ್ಳಬೇಡಿ. ಗಡಿಕಲ್ಲು ಎಲ್ಲಿದೆ, ಯಾವ ಹುಣಸೆ ಮರದಿಂದ ಯಾವ ಹಳ್ಳದವರೆಗೆ ನಮ್ಮೂರು, ಅಲ್ಲಿಂದಾಚೆ ಪಕ್ಕದೂರು ಎಂಬುದು ಕುಳವಾಡಿಯ ತಲೆಯಲ್ಲಿರುತ್ತಿತ್ತು. ಕುಳವಾಡಿ ಹೊಲೆಯ ಸಮುದಾಯದವನು. ಗಡಿ ಜಗಳ ಬಂದಾಗ ಅವನ ಮಾತೇ ನಡೆಯುತ್ತಿತ್ತು ಎಂದು 19ನೇ ಶತಮಾನದ ಇಂಗ್ಲಿಷ್ ಬರಹಗಳೂ ಗುರುತಿಸಿವೆ. ಕೆರೆ ನೀರಿನ ಸರದಿ ನೀರಗಂಟಿಗೆ ಗೊತ್ತು. ಊರಿಗೆ ಬಂದು ಹೋಗುವವರು ತಳವಾರ, ತೋಟಿಗೆ ಗೊತ್ತು.

ಇವರೂ ತಮ್ಮ ಮಕ್ಕಳಿಗೆ ಕಲಿಸುತ್ತಿದ್ದರು. ಗಡಿಯ ಮೇಲೆ ನಡೆಸಿ, ಕಲ್ಲು ತೋರಿಸಿ, ಹೆಸರು ಹೇಳಿಸಿ. ಅಕ್ಷರ ಶಾನುಭೋಗರದು, ನೆಲದ ನೆನಪು ಕುಳವಾಡಿಯದು. ಎರಡೂ ಸೇರಿದರೆ ಮಾತ್ರ ಊರಿನ ದಾಖಲೆ ಪೂರ್ತಿ. ಆದರೆ ಕಚೇರಿಗೆ ಹೋಗಿ ಸೇರಿದ್ದು, ಮುಂದಿನ ಕಾಲಕ್ಕೆ ಉಳಿದಿದ್ದು ಬರೆದದ್ದು ಮಾತ್ರ.

ಸರ್ವೆ ಶಾಲೆಯ ಹುಡುಗರು

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಕಾಲಿನ್ ಮೆಕೆಂಜಿ ಎಂಬ ಅಧಿಕಾರಿಗೆ ಮೈಸೂರು ಸೀಮೆಯ ಸರ್ವೆ ಮಾಡುವ ಕೆಲಸ ವಹಿಸಲಾಯಿತು. ಆಗ ಅವನ ಕೈಕೆಳಗೆ ಕೆಲಸ ಮಾಡಿದವರಲ್ಲಿ ಮದರಾಸಿನ ಸರ್ವೆ ಶಾಲೆಯ ಹುಡುಗರಿದ್ದರು. ಆ ಶಾಲೆ 1794ರಲ್ಲಿ ಅಲ್ಲಿನ ಖಗೋಳ ವೀಕ್ಷಣಾಲಯದ ಜೊತೆ ಶುರುವಾಗಿತ್ತು. ಅನಾಥಾಲಯದಿಂದ ಹುಡುಗರನ್ನು ತಂದು, ಗಣಿತ ಮತ್ತು ನಕ್ಷೆ ಬರೆಯುವುದನ್ನು ಕಲಿಸಿ, ಅಪ್ರೆಂಟಿಸ್‌ಗಳಾಗಿ ಸರ್ವೆ ತಂಡಗಳಿಗೆ ಕಳಿಸುತ್ತಿದ್ದರು. ತರಗತಿಯಲ್ಲಿ ಸ್ವಲ್ಪ ಕಲಿತು, ಉಳಿದದ್ದನ್ನು ಕಾಡು, ಬೆಟ್ಟ, ಮಳೆಯಲ್ಲಿ ಕಲಿಯುವ ವ್ಯವಸ್ಥೆ. ಶಾಲೆಯಿಂದ ಕೆಲಸದ ಜಾಗಕ್ಕೆ ವಿದ್ಯಾರ್ಥಿಗಳನ್ನು ಕಳಿಸುವ ಪದ್ಧತಿ ನಮ್ಮ ನೆಲಕ್ಕೆ ಕಾಲಿಟ್ಟ ಮೊದಮೊದಲ ಉದಾಹರಣೆಗಳಲ್ಲಿ ಇದೂ ಒಂದು.

ಮೆಕೆಂಜಿಗೆ ನಕ್ಷೆ ಮಾತ್ರ ಸಾಲಲಿಲ್ಲ. ಊರೂರಿನ ಕಥೆ, ಶಾಸನ, ವಂಶಾವಳಿ, ಶಾನುಭೋಗರ ಲೆಕ್ಕ ಎಲ್ಲವೂ ಬೇಕಿತ್ತು. ಅದನ್ನು ತಂದುಕೊಟ್ಟವರು ಭಾರತೀಯ ಸಹಾಯಕರು. ಆಂಧ್ರದ ಏಲೂರು ಕಡೆಯ ಕಾವಲಿ ವೆಂಕಟ ಬೋರಯ್ಯ ಅವರಲ್ಲಿ ಮೊದಲಿಗ. ಯುವಕನಾಗಿದ್ದಾಗಲೇ ಮೆಕೆಂಜಿ ಜೊತೆ ಸೇರಿ, 1803ರಲ್ಲಿ ಮೂವತ್ತು ತುಂಬುವ ಮೊದಲೇ ತೀರಿಹೋದ. ಅಷ್ಟರಲ್ಲಿ ಅವನು ತನ್ನ ತಮ್ಮಂದಿರನ್ನೂ ಈ ಕೆಲಸಕ್ಕೆ ತಯಾರು ಮಾಡಿದ್ದ. ತಮ್ಮ ಲಕ್ಷ್ಮಯ್ಯ ಅದನ್ನು ಮುಂದುವರಿಸಿದ. ಹಳಗನ್ನಡ ಶಾಸನ ಓದಲು ನೆರವಾದವರು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ.

ಇವರು ಮಾಡಿದ್ದು ಇವತ್ತಿನ ಪತ್ರಾಗಾರದ ಕೆಲಸವೇ: ಊರಿಗೆ ಹೋಗು, ಕಾಗದ ಯಾರ ಬಳಿ ಇದೆ ಕೇಳು, ನಂಬಿಕೆ ಗಳಿಸು, ನಕಲು ಮಾಡು, ಎಲ್ಲಿ ಯಾರಿಂದ ಸಿಕ್ಕಿತು ಎಂದು ಬರೆದಿಡು. ಆ ಸಂಗ್ರಹ ಈಗ ಚೆನ್ನೈ ಮತ್ತು ಲಂಡನ್ನಿನಲ್ಲಿ ಹಂಚಿಹೋಗಿದೆ. ಹೆಸರು ಮಾತ್ರ ‘ಮೆಕೆಂಜಿ ಸಂಗ್ರಹ’.

ರುಮಾಲು ಕಟ್ಟಿದ ದಫ್ತರ

1863ರಲ್ಲಿ ಮೈಸೂರು ಸಂಸ್ಥಾನದಲ್ಲಿ ಮುಂಬಯಿ ಪದ್ಧತಿಯ ಭೂಮಾಪನ ಮತ್ತು ಕಂದಾಯ ನಿಗದಿ ಶುರುವಾಯಿತು. ಸರಪಳಿ ಹಿಡಿದು ಹೊಲಹೊಲ ಅಳೆದರು. ಸರ್ವೆ ನಂಬರ್ ಬಂತು. ಇವತ್ತಿಗೂ ನಾವು ಹೇಳುವ ಟಿಪ್ಪಣಿ, ಆಕಾರಬಂದ್, ಖೇತ್ವಾರ್ ಮುಂತಾದ ಪದಗಳು ಆ ಪದ್ಧತಿಯ ಜೊತೆ ಬಂದವು. ಬೀಜವರಿ ಹೋಗಿ ಎಕರೆ, ಗುಂಟೆ ಬಂತು. ಬಟ್ಟೆಯ ಕಡತ ಹೋಗಿ ಕಾಗದ ಬಂತು. ಹೆಸರು ಮಾತ್ರ ಉಳಿಯಿತು.

ಕಾಗದ ಬೆಳೆದಂತೆ ತಾಲ್ಲೂಕು ಕಚೇರಿಯಲ್ಲಿ ಅದಕ್ಕೊಂದು ಕೋಣೆ ಬೇಕಾಯಿತು. ಕಾಗದಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಇಡುತ್ತಿದ್ದರು. ಆ ಗಂಟಿಗೆ ಬಸ್ತೆ ಎಂದೋ ರುಮಾಲು ಎಂದೋ ಹೆಸರು. ಪುಣೆಯ ಪೇಶ್ವೆ ದಫ್ತರದಲ್ಲಿ ಹೀಗೆ ಸಾವಿರಾರು ರುಮಾಲುಗಳಿವೆ. ಧಾರವಾಡ, ಬೆಳಗಾವಿ, ವಿಜಯಪುರ ಸೀಮೆ ಪೇಶ್ವೆಗಳ ಕೈಕೆಳಗಿದ್ದ ಕಾಲದ ಕಾಗದಗಳೂ ಅಲ್ಲಿವೆ. ಇತಿಹಾಸಕಾರ ಜಿ.ಎಸ್. ಸರದೇಸಾಯಿ ಸಹಾಯಕರ ತಂಡ ಕಟ್ಟಿಕೊಂಡು ಆ ರುಮಾಲುಗಳನ್ನು ಬಿಚ್ಚಿ, ಮೋಡಿ ಲಿಪಿ ಓದಿ, ಆಯ್ದ ಕಾಗದಗಳನ್ನು 1930ರ ದಶಕದ ಮೊದಲಲ್ಲಿ 45 ಸಂಪುಟಗಳಾಗಿ ಹೊರತಂದರು. ಅಷ್ಟು ಕೆಲಸಕ್ಕೆ ಒಬ್ಬ ಪಂಡಿತ ಸಾಲುವುದಿಲ್ಲ. ಓದಲು ಕಲಿತ ಹತ್ತು ಕೈ ಬೇಕು.

ಇದೇ ಮಾತು ಶೃಂಗೇರಿಗೂ ಅನ್ವಯ. 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅಲ್ಲಿನ ಮಠದ ಕಾಗದಗಳ ನಡುವೆ ಟಿಪ್ಪು ಸುಲ್ತಾನ್ ಮಠಕ್ಕೆ ಬರೆಸಿದ ಕನ್ನಡದ ಪತ್ರಗಳನ್ನು ಗುರುತಿಸಿದರು. ಸುಮಾರು 30 ಪತ್ರ. ಆ ಕಟ್ಟು ಅಲ್ಲಿಯೇ ಇತ್ತು. ಯಾರೋ ಅದನ್ನು ಎಸೆಯದೆ ಇಟ್ಟಿದ್ದರು. ಮತ್ತೊಬ್ಬರು ಓದಬಲ್ಲವರಾಗಿದ್ದರು. ಇತಿಹಾಸ ಉಳಿಯುವುದು ಈ ಎರಡೂ ಕೂಡಿದಾಗ.

ದಫ್ತರ ಕೋಣೆಯಲ್ಲಿ ಉಮೇದುವಾರ ಕಲಿಯುತ್ತಿದ್ದುದೂ ಇದನ್ನೇ. ಯಾವ ಕಟ್ಟು ಯಾವ ವರ್ಷದ್ದು, ಯಾವುದು ಶಾಶ್ವತವಾಗಿ ಇಡಬೇಕಾದ್ದು, ಯಾವುದನ್ನು ಅವಧಿ ಮುಗಿದ ಮೇಲೆ ತೆಗೆಯಬಹುದು, ಸಾಹೇಬರು ಕೇಳಿದ ತಕ್ಷಣ ಎಲ್ಲಿಂದ ಎಳೆಯಬೇಕು. ಕೆಲಸ ಕಲಿತ, ಕಚೇರಿಗೂ ಅನುಕೂಲವಾಯಿತು. ಆದರೆ ಸಂಬಳವಿಲ್ಲದೆ ವರ್ಷಗಟ್ಟಲೆ ಕೂರಲು ಯಾರಿಂದ ಸಾಧ್ಯ? ಮನೆಯಲ್ಲಿ ಊಟಕ್ಕೆ ಇದ್ದವರಿಂದ. ಕೂಲಿ ಮಾಡಿ ಸಂಜೆ ಅಕ್ಕಿ ತರಬೇಕಾದ ಮನೆಯ ಹುಡುಗ ಉಮೇದುವಾರನಾಗಲು ಸಾಧ್ಯವಿರಲಿಲ್ಲ. ಬಾಗಿಲಿಗೆ ಬೀಗ ಹಾಕಿರಲಿಲ್ಲ, ಆದರೂ ಎಲ್ಲರಿಗೂ ತೆರೆದಿರಲಿಲ್ಲ.

ಕಲಿಕೆಗೆ ಶಾಲೆ ಬಂದ ಬಗೆ

ದಾಖಲೆ ಇಡುವುದು ಒಂದು ವಿದ್ಯೆ, ಅದಕ್ಕೆ ಪಾಠ ಬೇಕು ಎಂಬ ಯೋಚನೆ ಯುರೋಪಿನಲ್ಲಿ 19ನೇ ಶತಮಾನದಲ್ಲಿ ಗಟ್ಟಿಯಾಯಿತು. ಪ್ಯಾರಿಸ್‌ನಲ್ಲಿ ‘ಎಕೋಲ್ ದೆ ಶಾರ್ತ್’ ಎಂಬ ಶಾಲೆ 1821ರಲ್ಲಿ ಹುಟ್ಟಿತು. ಹಳೆಯ ಲಿಪಿ ಓದುವುದನ್ನು, ದಾಖಲೆ ಅಸಲೋ ನಕಲೋ ಎಂದು ಪರೀಕ್ಷಿಸುವುದನ್ನು ಅಲ್ಲಿ ಕಲಿಸುತ್ತಿದ್ದರು. ಅದೇ ದೇಶದಲ್ಲಿ 1841ರಲ್ಲಿ ಒಂದು ಸುತ್ತೋಲೆ ಹೊರಟಿತು. ಅದರ ಸಾರ ಇಷ್ಟು: ಒಂದು ಕಚೇರಿಯ ಕಾಗದಗಳನ್ನು ಒಟ್ಟಿಗೇ ಇಡಿ, ವಿಷಯದ ಪ್ರಕಾರ ಬಿಡಿಸಿ ಬೆರೆಸಬೇಡಿ.

ಇದು ಯಾಕೆ ಮುಖ್ಯ? ನಿಮ್ಮ ಮನೆಯ ಟ್ರಂಕನ್ನೇ ನೆನೆಯಿರಿ. ಅಜ್ಜ ಒಂದು ಕಟ್ಟಿನಲ್ಲಿ ಕ್ರಯಪತ್ರ, ಅದರ ಸಾಲದ ಚೀಟಿ, ಸಾಲ ತೀರಿಸಿದ ರಶೀದಿ ಒಟ್ಟಿಗೆ ಕಟ್ಟಿಟ್ಟಿದ್ದಾರೆ. ನೀವು ‘ನೀಟಾಗಿ’ ಜೋಡಿಸುತ್ತೇನೆ ಎಂದು ರಶೀದಿಗಳನ್ನೆಲ್ಲ ಒಂದು ಕಡೆ, ಕ್ರಯಪತ್ರಗಳನ್ನೆಲ್ಲ ಒಂದು ಕಡೆ ಇಟ್ಟರೆ, ಯಾವ ಸಾಲಕ್ಕೆ ಯಾವ ರಶೀದಿ ಎಂಬ ನಂಟೇ ಹೋಯಿತು. ಕಾಗದ ಉಳಿಯಿತು, ಸಾಕ್ಷಿ ಸತ್ತಿತು. ಪತ್ರಾಗಾರಕ್ಕೆ ಹೋದ ವಿದ್ಯಾರ್ಥಿಗೆ ಮೊದಲು ಹೇಳಿಕೊಡುವ ಪಾಠ ಇದು.

ನಮ್ಮ ದೇಶದಲ್ಲಿ 1891ರ ಮಾರ್ಚ್ 11ರಂದು ಕಲ್ಕತ್ತದಲ್ಲಿ ಇಂಪೀರಿಯಲ್ ರೆಕಾರ್ಡ್ ಡಿಪಾರ್ಟ್‌ಮೆಂಟ್ ಶುರುವಾಯಿತು. ಅದೇ ಈಗ ದಿಲ್ಲಿಯ ರಾಷ್ಟ್ರೀಯ ಅಭಿಲೇಖಾಗಾರ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಹುಟ್ಟಿದ್ದೂ 1891ರಲ್ಲೇ. ಅಲ್ಲಿ ಗ್ರಂಥಪಾಲರಾಗಿದ್ದ ಆರ್. ಶಾಮಾಶಾಸ್ತ್ರಿಗಳು ಓಲೆಗರಿಯ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು.

ದಿಲ್ಲಿಯಲ್ಲಿ 1939ರಲ್ಲಿ ಇತಿಹಾಸಕಾರ ಸುರೇಂದ್ರನಾಥ ಸೇನ್ ಮುಖ್ಯಸ್ಥರಾದ ಮೇಲೆ ದಾಖಲೆಗಳು ಸಂಶೋಧಕರಿಗೆ ತೆರೆದುಕೊಂಡವು. 1940ರ ದಶಕದಲ್ಲಿ ತರಬೇತಿ ಶುರುವಾಯಿತು. 1976ರಲ್ಲಿ ಅದಕ್ಕೊಂದು ಪ್ರತ್ಯೇಕ ಸಂಸ್ಥೆಯಾಯಿತು. 1980ರಲ್ಲಿ ಅದು ಸ್ಕೂಲ್ ಆಫ್ ಆರ್ಕೈವಲ್ ಸ್ಟಡೀಸ್ ಎಂಬ ಹೆಸರು ಪಡೆಯಿತು. ಒಂದು ವರ್ಷದ ಡಿಪ್ಲೊಮಾ ಮತ್ತು ಕೆಲವು ವಾರಗಳ ಸಣ್ಣ ಕೋರ್ಸುಗಳು ಅಲ್ಲಿವೆ. ಜಗಲಿಯ ಮೇಲೆ ಅಪ್ಪನಿಂದ ಮಗನಿಗೆ ಹೋಗುತ್ತಿದ್ದ ವಿದ್ಯೆ, ಅರ್ಜಿ ಹಾಕಿ ಕಲಿಯಬಹುದಾದ ವಿದ್ಯೆಯಾಯಿತು.

1963: ಜಗಲಿ ಶಾಲೆ ಮುಚ್ಚಿದ ವರ್ಷ

ನಮ್ಮ ಹಳ್ಳಿಗಳಲ್ಲಿ ದೊಡ್ಡ ಬದಲಾವಣೆ ಆದದ್ದು 1963ರ ಫೆಬ್ರುವರಿ 1ರಂದು. ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ 1961ರಲ್ಲಿ ಆಗಿತ್ತು, ಜಾರಿಯಾದದ್ದು ಆ ದಿನ. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ ಕೊನೆಯಾಯಿತು. ಸರ್ಕಾರಿ ಸಂಬಳದ ಗ್ರಾಮಲೆಕ್ಕಿಗರು ಬಂದರು. ಈಗ ಅವರನ್ನು ಗ್ರಾಮ ಆಡಳಿತ ಅಧಿಕಾರಿ ಎನ್ನುತ್ತೇವೆ. ಯಾವ ಜಾತಿಯ ಹುಡುಗ ಹುಡುಗಿಯಾದರೂ ಓದಿ ಆ ಕುರ್ಚಿಯಲ್ಲಿ ಕೂರಬಹುದು ಎಂಬುದು ಸಣ್ಣ ಮಾತಲ್ಲ.

ಆದರೆ ಆ ಬದಲಾವಣೆಯಲ್ಲಿ ಒಂದು ಕೊಂಡಿ ಕಳಚಿತು. ಹಳೆಯ ಬರಹ ಓದುವ ವಿದ್ಯೆಯನ್ನು ಯಾರೂ ಹೊಸಬರಿಗೆ ದಾಟಿಸಲಿಲ್ಲ. ಶಾನುಭೋಗರ ಮಕ್ಕಳು ಬೇರೆ ಕೆಲಸ ಹಿಡಿದು ಊರು ಬಿಟ್ಟರು. ಎಷ್ಟೋ ಕಡತ ಅಟ್ಟದಲ್ಲೇ ಉಳಿದು ಗೆದ್ದಲಿಗೆ ಹೋಯಿತು. ಕಚೇರಿ ಸೇರಿದ್ದನ್ನು ಓದುವವರು ಕಡಿಮೆಯಾದರು.

ಲಿಪಿಯ ತೊಡಕೂ ಒಂದೇ ಬಗೆಯದಲ್ಲ. ಹಳೇ ಮೈಸೂರಿನ ಕಡೆ ಕನ್ನಡದ ಓಟದ ಬರಹ. ಬೆಳಗಾವಿ, ಧಾರವಾಡ, ವಿಜಯಪುರದ ಕಡೆ ಮೋಡಿ ಲಿಪಿಯ ಮರಾಠಿ. ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ್, ಕಲಬುರಗಿ, ರಾಯಚೂರಿನ ಕಡೆ ಪಾರಸಿ, ಉರ್ದು. ಕರಾವಳಿಯಲ್ಲಿ ತಿಗಳಾರಿ ಲಿಪಿಯ ಓಲೆಗರಿ. ಒಂದೇ ರಾಜ್ಯದ ಕಾಗದ ಓದಲು ಇಷ್ಟು ಬಗೆಯ ಕಣ್ಣು ಬೇಕು.

ಕಾಗದ ಇಲ್ಲದವರ ಪಾಡು

ಹಳೆಯ ಕಾಗದ ಕಳೆದರೆ ಯಾರಿಗೆ ನಷ್ಟ? ಇತಿಹಾಸ ಬರೆಯುವವರಿಗಿಂತ ಹೆಚ್ಚು ನಷ್ಟ ನಮ್ಮ ನಿಮ್ಮಂಥವರಿಗೆ.

ದರಖಾಸ್ತು ಜಮೀನನ್ನೇ ತೆಗೆದುಕೊಳ್ಳಿ. ಅಪ್ಪನ ಕಾಲದಲ್ಲಿ ಮಂಜೂರಾಗಿದೆ, ಕೈಯಲ್ಲಿ ಸಾಗುವಳಿ ಚೀಟಿ ಇದೆ, ಉಳುಮೆಯೂ ನಡೆದಿದೆ. ಪೋಡಿ ಮಾಡಿಸಲು ಹೋದರೆ ‘ಮೂಲ ಮಂಜೂರಾತಿ ಕಡತ ಲಭ್ಯವಿಲ್ಲ’ ಎಂಬ ಹಿಂಬರಹ. ಈ ಒಂದು ಸಾಲು ಹಿಡಿದು ವರ್ಷಗಟ್ಟಲೆ ಅಲೆಯುವವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಜಿಲ್ಲೆಯ ಸುದ್ದಿ ಬರೆಯುವ ನನಗೆ ಜನ ತಂದು ತೋರಿಸುವ ಕಾಗದಗಳಲ್ಲಿ ಈ ಹಿಂಬರಹವೇ ಹೆಚ್ಚು.

ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಕೈತಪ್ಪದಂತೆ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಕೈತಪ್ಪಿದ ಜಮೀನು ಮರಳಿ ಪಡೆಯಲು ಅದರಲ್ಲಿ ಅವಕಾಶವಿದೆ. ಆದರೆ ಅದು ಮಂಜೂರಾದ ಜಮೀನೇ, ಯಾವಾಗ ಯಾರಿಗೆ ಮಂಜೂರಾಯಿತು, ಷರತ್ತೇನು ಎಂಬುದನ್ನು ತೋರಿಸಬೇಕಲ್ಲ? ಆ ಮಾತು ಇರುವುದು ಹಳೆಯ ಮಂಜೂರಾತಿ ದಾಖಲೆಯಲ್ಲಿ.

ಅರಣ್ಯ ಹಕ್ಕು ಕಾಯ್ದೆಯಲ್ಲೂ ಹೀಗೆಯೇ. ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕಿಂತ ಹಿಂದಿನ 3 ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗಿ ಮುಟ್ಟುತ್ತದೆ. ಅಷ್ಟು ಹಳೆಯ ಸರ್ವೆ ವರದಿ, ನಕ್ಷೆ, ಜನಗಣತಿ, ಗೆಜೆಟಿಯರ್ ಎಲ್ಲಿದೆ? ಪತ್ರಾಗಾರದಲ್ಲಿ, ದಫ್ತರ ಕೋಣೆಯಲ್ಲಿ. ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಸಾಕ್ಷಿಯಾಗಿ ಕೊಡಬಹುದು ಎಂದೂ ನಿಯಮದಲ್ಲಿದೆ. ಕುಳವಾಡಿಯ ನೆನಪಿಗೆ ಕಾನೂನು ತಡವಾಗಿ ಕೊಟ್ಟ ಮರ್ಯಾದೆ ಎನ್ನಬಹುದು.

ವಿಚಿತ್ರ ನೋಡಿ. ಯಾರ ಮಕ್ಕಳಿಗೆ ಆ ಜಗಲಿಯಲ್ಲಿ ಕೂರಲು ಬಿಡಲಿಲ್ಲವೋ, ಯಾರಿಗೆ ಸಂಬಳವಿಲ್ಲದ ಉಮೇದುವಾರಿಕೆ ಎಟುಕಲಿಲ್ಲವೋ, ಇವತ್ತು ಹಳೆಯ ಕಾಗದದ ಅಗತ್ಯ ಹೆಚ್ಚಾಗಿ ಇರುವುದು ಅವರಿಗೇ.

ಕಂಪ್ಯೂಟರ್ ಬಂತಲ್ಲ?

ಬಂತು, ನಿಜ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. 67 ಲಕ್ಷ ರೈತರ ಹೆಸರು ಅದರಲ್ಲಿತ್ತು. ಪಹಣಿಗಾಗಿ ಲೆಕ್ಕಿಗರ ಹಿಂದೆ ಅಲೆಯುವುದು ತಪ್ಪಿತು. ಆದರೆ ಕಂಪ್ಯೂಟರಿಗೆ ಹೋದದ್ದು ಆಗ ಚಾಲ್ತಿಯಲ್ಲಿದ್ದ ಪಹಣಿ. ಅದರ ಹಿಂದಿನ ಹಳೆಯ ಪಹಣಿ, ಮ್ಯುಟೇಶನ್ ಪುಸ್ತಕ, ಮಂಜೂರಾತಿ ಕಡತ ಕೋಣೆಯಲ್ಲೇ ಉಳಿದವು. ಈಗ 2024ರಿಂದ ‘ಭೂ ಸುರಕ್ಷಾ’ ಯೋಜನೆಯಲ್ಲಿ ಆ ಹಳೆಯ ದಾಖಲೆಗಳನ್ನೂ ಸ್ಕ್ಯಾನ್ ಮಾಡುತ್ತಿದ್ದಾರೆ. ಮೊದಲು ಜಿಲ್ಲೆಗೊಂದು ತಾಲ್ಲೂಕು ಆರಿಸಿ ಶುರು ಮಾಡಿದರು, ಆಮೇಲೆ ಉಳಿದ ತಾಲ್ಲೂಕುಗಳಿಗೂ ಬಂತು.

ಒಳ್ಳೆಯ ಕೆಲಸ. ಆದರೆ ಸ್ಕ್ಯಾನ್ ಮಾಡುವ ಯಂತ್ರ ಅಕ್ಷರ ಓದುವುದಿಲ್ಲ. ಇದು ಯಾವ ಊರಿನ, ಯಾವ ವರ್ಷದ, ಯಾವ ಸರ್ವೆ ನಂಬರಿನ ಕಾಗದ ಎಂದು ಮನುಷ್ಯನೇ ನೋಡಿ ಸೂಚಿ ಬರೆಯಬೇಕು. ಸೂಚಿಯಲ್ಲಿ ಊರ ಹೆಸರು ತಪ್ಪಾದರೆ ಆ ಕಾಗದ ಕಂಪ್ಯೂಟರಿನಲ್ಲಿ ಇದ್ದೂ ಇಲ್ಲದಂತೆ. ಗೆದ್ದಲು ತಿಂದರೆ ಕಾಗದ ಹೋಯಿತು ಎಂದಾದರೂ ಗೊತ್ತಾಗುತ್ತದೆ. ತಪ್ಪು ಹೆಸರಿನಲ್ಲಿ ಸೇರಿಕೊಂಡರೆ ಅದೂ ಗೊತ್ತಾಗುವುದಿಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 4, ಪ್ರತಿ ಕಚೇರಿಯೂ ತನ್ನ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಸಹಿತ ಇಡಬೇಕು ಎನ್ನುತ್ತದೆ. ಕೇಂದ್ರದ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ, ನಿಯಮ ಮೀರಿ ದಾಖಲೆ ನಾಶ ಮಾಡಿದವರಿಗೆ 5 ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಎನ್ನುತ್ತದೆ. ಕರ್ನಾಟಕಕ್ಕೂ 2010ರಲ್ಲಿ ತನ್ನದೇ ದಾಖಲೆ ಕಾಯ್ದೆ ಬಂದಿದೆ. ಕಾನೂನಿಗೆ ಕೊರತೆಯಿಲ್ಲ. ಕೆಲಸ ಗೊತ್ತಿರುವ ಕೈಗಳಿಗೆ ಕೊರತೆ.

ಒಳ್ಳೆಯ ಇಂಟರ್ನ್‌ಶಿಪ್ ಹೇಗಿರಬೇಕು

ಇಲ್ಲಿ ವಿದ್ಯಾರ್ಥಿಗಳು ಬರುತ್ತಾರೆ. ನಮ್ಮ ಕಡೆಯ ಒಂದು ಕಚೇರಿಯಲ್ಲಿ ಇಂಟರ್ನ್‌ಶಿಪ್‌ಗೆ ಬಂದ ಹುಡುಗಿಯರನ್ನು ಇಡೀ ತಿಂಗಳು ಜೆರಾಕ್ಸ್ ಮಾಡಲು, ಟೀ ತರಲು ಇಟ್ಟುಕೊಂಡದ್ದನ್ನು ನೋಡಿದ್ದೇನೆ. ಕೊನೆಗೆ ಒಂದು ಸರ್ಟಿಫಿಕೇಟು. ಅದು ಕಲಿಕೆಯಲ್ಲ, ಉಮೇದುವಾರಿಕೆಯ ಹಳೆಯ ಚಾಳಿ. ಆ ಕಾಲದವನಿಗೆ ಮುಂದೊಂದು ಕೆಲಸ ಸಿಗುವ ಆಸೆಯಾದರೂ ಇತ್ತು.

ಸರಿಯಾಗಿ ಮಾಡಿದರೆ ಒಂದು ತಿಂಗಳಲ್ಲಿ ಎಷ್ಟೋ ಕಲಿಯಬಹುದು.

ಮೊದಲ ವಾರ: ಕಟ್ಟು ಹೇಗಿದೆಯೋ ಹಾಗೆಯೇ ಇಟ್ಟು, ಮೆತ್ತನೆಯ ಬ್ರಷ್‌ನಲ್ಲಿ ದೂಳು ತೆಗೆಯುವುದು. ಮಾಸ್ಕ್ ಕಡ್ಡಾಯ, ಯಾಕೆಂದರೆ ಹಳೆಯ ಕಾಗದದ ಬೂಷ್ಟು ಉಸಿರಾಟಕ್ಕೆ ಕೆಟ್ಟದ್ದು. ತುಕ್ಕು ಹಿಡಿದ ಪಿನ್ ಹುಷಾರಾಗಿ ತೆಗೆಯುವುದು.

ಎರಡನೆಯ ವಾರ: ಪಟ್ಟಿ ಮಾಡುವುದು. ಕಟ್ಟಿನ ನಂಬರ್, ಊರು, ಹೋಬಳಿ, ಯಾವ ವರ್ಷದಿಂದ ಯಾವ ವರ್ಷ, ಯಾವ ಬಗೆಯ ಕಾಗದ, ಎಷ್ಟು ಹಾಳೆ, ಸ್ಥಿತಿ ಹೇಗಿದೆ.

ಮೂರನೆಯ ವಾರ: ಓದುವುದು. ನಿವೃತ್ತ ಶಿರಸ್ತೇದಾರರೋ, ಹಳೆಯ ಲಿಪಿ ಬಲ್ಲ ಹಿರಿಯರೋ ಪಕ್ಕದಲ್ಲಿ ಕೂತು ನಾಲ್ಕು ಹಾಳೆ ಓದಿಸಿದರೆ ಕಣ್ಣು ಪಳಗುತ್ತದೆ.

ನಾಲ್ಕನೆಯ ವಾರ: ಹುಡುಕಿ ಕೊಡುವುದು. ಒಬ್ಬ ರೈತರ ಅರ್ಜಿ ಹಿಡಿದು, ಪಟ್ಟಿ ನೋಡಿ, ಕಾಗದ ತೆಗೆದುಕೊಡುವವರೆಗೆ. ತಾನು ಮಾಡಿದ ಪಟ್ಟಿ ಉಪಯೋಗಕ್ಕೆ ಬಂತೋ ಇಲ್ಲವೋ ಎಂಬುದು ಆಗ ತಿಳಿಯುತ್ತದೆ.

ಇದರ ಜೊತೆ ಒಂದು ಶಿಸ್ತು ಬೇಕು. ದಾಖಲೆಯಲ್ಲಿ ನೋಡಿದ್ದನ್ನು ಊರಲ್ಲಿ ಆಡಬಾರದು, ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕಬಾರದು. ಒಬ್ಬರ ಮನೆಯ ಪಾಲಿನ ಜಗಳ ಇನ್ನೊಬ್ಬರಿಗೆ ತಮಾಷೆಯಲ್ಲ. ವಿದ್ಯಾರ್ಥಿ ಒಂಟಿಯಾಗಿ ಕೋಣೆಯಲ್ಲಿ ಇರಬಾರದು, ಜವಾಬ್ದಾರಿಯುಳ್ಳ ಸಿಬ್ಬಂದಿ ಜೊತೆಗಿರಬೇಕು. ನಾಳೆ ಒಂದು ಹಾಳೆ ಕಾಣೆಯಾದರೆ ಆ ಮಗುವಿನ ತಲೆಗೆ ಬರಬಾರದು.

ಹಣದ ಮಾತೂ ಆಡಲೇಬೇಕು. ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಹೋಗುವವರಿಗೆ 1961ರ ಕಾಯ್ದೆಯ ಪ್ರಕಾರ ಸ್ಟೈಪೆಂಡ್ ಕೊಡಬೇಕು. ಕಾಲೇಜು ಇಂಟರ್ನ್‌ಶಿಪ್‌ನಲ್ಲಿ ಹೆಚ್ಚಿನವರಿಗೆ ಸಿಗುವುದು ಕ್ರೆಡಿಟ್ ಮಾತ್ರ. ಹಳ್ಳಿಯಿಂದ ತಾಲ್ಲೂಕಿಗೆ ಬಸ್ ಚಾರ್ಜು, ಮಧ್ಯಾಹ್ನದ ಊಟ ಯಾರು ಕೊಡಬೇಕು? ಇಷ್ಟಾದರೂ ಸಿಗದಿದ್ದರೆ ನೂರೈವತ್ತು ವರ್ಷದ ಹಿಂದಿನಂತೆ ಮತ್ತೆ ಉಳ್ಳವರ ಮನೆಯ ಮಕ್ಕಳೇ ಆ ಕೋಣೆಗೆ ಹೋಗುತ್ತಾರೆ.

ನೀವು ಮಾಡಬಹುದಾದದ್ದು

ಮನೆಯಲ್ಲಿ ಹಳೆಯ ಕಾಗದ ಇದ್ದರೆ ಲ್ಯಾಮಿನೇಶನ್ ಮಾಡಿಸಬೇಡಿ. ಬಿಸಿ ಪ್ಲಾಸ್ಟಿಕ್ ಅಂಟಿದ ಮೇಲೆ ಬಿಡಿಸಲಾಗದು, ಒಳಗಿನ ಕಾಗದ ಕೆಡುತ್ತಲೇ ಹೋಗುತ್ತದೆ. ಸೆಲ್ಲೋ ಟೇಪೂ ಬೇಡ. ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ನೆಲಕ್ಕೆ ತಾಗದಂತೆ, ಗೋಡೆಯಿಂದ ಸ್ವಲ್ಪ ದೂರ ಇಡಿ. ಮಡಿಕೆ ಬಿಡಿಸಿ ಬೆಳಕಿನಲ್ಲಿ ಎರಡೂ ಬದಿಯ ಫೋಟೊ ತೆಗೆದಿಡಿ. ಓಲೆಗರಿ ಅಥವಾ ಕರಿಬಟ್ಟೆಯ ಕಡತ ಸಿಕ್ಕರೆ ಒರೆಸಬೇಡಿ, ತೊಳೆಯಬೇಡಿ. ಕಡತದ ಬರಹ ಒದ್ದೆ ಬಟ್ಟೆ ತಾಗಿದರೆ ಹೋಗುತ್ತದೆ ಎಂದು ಮೇಲೆ ಓದಿದ್ದೀರಿ. ರಾಜ್ಯ ಪತ್ರಾಗಾರ ಇಲಾಖೆಗೋ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೋ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗೋ, ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೋ ತಿಳಿಸಿ.

ನಿಮ್ಮ ಮಗಳೋ ತಮ್ಮನೋ ಡಿಗ್ರಿ ಓದುತ್ತಿದ್ದರೆ, ಇಂಟರ್ನ್‌ಶಿಪ್‌ಗೆ ಎಲ್ಲಿ ಹೋಗಲಿ ಎಂದು ಕೇಳಿದರೆ, ದಫ್ತರ ಕೋಣೆಯ ಹೆಸರೂ ಹೇಳಿ. ಕಾಲೇಜಿನಿಂದ ಪತ್ರ ಬರೆಸಿ ತಹಶೀಲ್ದಾರರನ್ನೋ ಜಿಲ್ಲಾಧಿಕಾರಿಗಳನ್ನೋ ಕೇಳಲಿ. ಏನು ಕಲಿಸುತ್ತೀರಿ, ಯಾರು ಕಲಿಸುತ್ತಾರೆ, ಬಸ್ ಚಾರ್ಜು ಕೊಡುತ್ತೀರಾ ಎಂದು ಮೊದಲೇ ಕೇಳಿ ಬರೆಸಿಕೊಳ್ಳಲಿ. ಊರಿನ ಹೊಲದ ಹೆಸರು, ಕೆರೆಯ ಹೆಸರು, ಮನೆತನದ ಹೆಸರು ಗೊತ್ತಿರುವ ಹಳ್ಳಿಯ ಮಕ್ಕಳೇ ಆ ಹಳೆಯ ಕಾಗದಗಳಿಗೆ ಸರಿಯಾದ ಸೂಚಿ ಬರೆಯಬಲ್ಲರು.